ಪರಿಹಾರದ ಹಕ್ಕು ಆಸ್ಪತ್ರೆಯ ಬಾಗಿಲಲ್ಲೇ ಆರಂಭ

ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ರಸ್ತೆಗಳಲ್ಲಿ ಬೈಕಿನಿಂದ ಬಿದ್ದು ಮೂಳೆ ಮುರಿದವರಿಗೆ ಜಯನಗರದ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ, ತಲೆಗೆ ಪೆಟ್ಟಾದವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಸಮೀಪದ ಸರ್ಕಾರಿ ಆಸರೆಗಳು. ಯಾವ ಆಸ್ಪತ್ರೆಗೆ ಹೋದರೂ ವೈದ್ಯರು ಮೊದಲು ಕೇಳುವ ಪ್ರಶ್ನೆ ಒಂದೇ: “ಹೇಗಾಯಿತು?” ಕಾರೊಂದು ಹಿಂದಿನಿಂದ ಗುದ್ದಿದ್ದರೂ, ಪೊಲೀಸರ ರಗಳೆ ಬೇಡವೆಂದು ಜೊತೆಯಲ್ಲಿದ್ದವರು “ಜಾರಿ ಬಿದ್ದ” ಎಂದುಬಿಡುತ್ತಾರೆ. ಆ ಎರಡು ಪದಗಳು ಆಸ್ಪತ್ರೆಯ ದಾಖಲೆಯಲ್ಲಿ ಸೇರುತ್ತವೆ. ವರ್ಷದ ಬಳಿಕ ವಿಮಾ ಕಂಪನಿಯ ವಕೀಲರು ನ್ಯಾಯಮಂಡಳಿಯ ಮುಂದೆ ಮೊದಲು ತೆರೆದಿಡುವುದು ಅದೇ ಪುಟವನ್ನು.

ಆದುದರಿಂದ ನಡೆದುದನ್ನು ನಡೆದಂತೆಯೇ ಬರೆಯಿಸಬೇಕು. ಗುದ್ದಿದ ವಾಹನದ ಸಂಖ್ಯೆ ತಿಳಿದಿದ್ದರೆ ಅದನ್ನೂ ಹೇಳಬೇಕು. ಸ್ಥಳದಲ್ಲೇ ಹತ್ತು ಸಾವಿರ ಪಡೆದು ರಾಜಿಯಾಗುವುದು, ಒಳಗಿನ ಗಾಯ ಇನ್ನೂ ತಿಳಿಯದ ಆ ಗಳಿಗೆಯಲ್ಲಿ, ಅವಿವೇಕವೇ ಸರಿ. ನಿಜವಾಗಿ ತಾನೇ ಜಾರಿ ಬಿದ್ದವನಿಗೆ ಬೇರೊಂದು ವಾಹನವನ್ನು ತೋರಿಸಿ ದಾವೆ ಹೂಡುವಂತೆ ಸಲಹೆ ಕೊಡುವವರೂ ಇದ್ದಾರೆ. ಅದು ಅಪರಾಧ. ಅಂಥವರ ಸಂಗ ಬೇಡ.

ಚಿಕಿತ್ಸೆಯ ವೆಚ್ಚಕ್ಕೆ ಹೆದರಿ ತಡಮಾಡಬೇಕಾಗಿಲ್ಲ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿದ ಗುಬ್ಬಿಯ ಬೈಕ್ ಸವಾರ ಹರೀಶ್, ಸಾಯುವ ಮುನ್ನ ತಮ್ಮ ಅಂಗಾಂಗಗಳನ್ನು ದಾನಮಾಡುವಂತೆ ಕೇಳಿಕೊಂಡದ್ದು ನಾಡಿಗೇ ತಿಳಿದ ಸಂಗತಿ. ಅವರ ಕಣ್ಣುಗಳು ದಾನವಾದವು. ಮರುತಿಂಗಳೇ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಸಾಂತ್ವನ ಯೋಜನೆಯನ್ನು ತಂದು, ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ನೆರವು ಘೋಷಿಸಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಂತೆ, ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಚಿಕಿತ್ಸೆ ನಗದು ಕಟ್ಟದೆ ದೊರೆಯಬೇಕು. ಗಾಯಾಳುವನ್ನು ಕರೆತಂದ ದಾರಿಹೋಕರು ತಮ್ಮ ಹೆಸರು ಹೇಳಲೇಬೇಕೆಂಬ ಬಲವಂತವೂ ಕಾನೂನಿನಲ್ಲಿಲ್ಲ.

ಇನ್ನು ಪರಿಹಾರದ ಲೆಕ್ಕ. ಆಸ್ಪತ್ರೆಯ ಬಿಲ್ಲಷ್ಟೇ ಪರಿಹಾರವೆಂದು ಬಹಳ ಮಂದಿ ತಿಳಿದಿದ್ದಾರೆ. ನೋವು, ಮಲಗಿದ ತಿಂಗಳುಗಳ ದುಡಿಮೆ, ಮುಂದಿನ ಚಿಕಿತ್ಸೆ, ಬದುಕಿನ ಸುಖಗಳ ನಷ್ಟ ಎಲ್ಲವೂ ಅದರಲ್ಲಿ ಸೇರುತ್ತವೆ. ಎಲ್ಲಕ್ಕಿಂತ ದೊಡ್ಡದು ಮುಂದಿನ ಗಳಿಕೆಯ ನಷ್ಟ. 2010ರಲ್ಲಿ ಸುಪ್ರೀಂ ಕೋರ್ಟು ರಾಜ್ ಕುಮಾರ್ ಪ್ರಕರಣದಲ್ಲಿ ಇದನ್ನು ಸೊಗಸಾಗಿ ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡ ಬಡಗಿಯ ಗಳಿಕೆ ಹೆಚ್ಚುಕಡಿಮೆ ಪೂರ್ತಿಯೇ ಹೋಗಬಹುದು. ಸರ್ಕಾರಿ ಗುಮಾಸ್ತನ ನೌಕರಿ ಹೋಗದೆಯೂ ಇರಬಹುದು. ವೈದ್ಯರು ಬರೆಯುವ ಶೇಕಡಾವಾರು ಅಂಗವೈಕಲ್ಯ ಬೇರೆ, ಅದರಿಂದ ಆತನ ಕಾಯಕಕ್ಕೆ ಒದಗಿದ ಹಾನಿ ಬೇರೆ. ಆದಕಾರಣ ಚಿಕಿತ್ಸೆ ಕೊಟ್ಟ ವೈದ್ಯರಿಗೆ ತಮ್ಮ ಉದ್ಯೋಗವೇನು, ಈಗ ಯಾವ ಕೆಲಸ ಆಗುತ್ತಿಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು.

ಒಂದು ಉದಾಹರಣೆ ನೋಡೋಣ. 28 ವರ್ಷದ, ಸ್ವಂತ ದುಡಿಮೆಯ ಯುವಕ. ತಿಂಗಳ ಗಳಿಕೆ 20,000. ಮುಂದೆ ಆಗಬಹುದಾಗಿದ್ದ ಏಳಿಗೆಗೆಂದು ಶೇ. 40 ಸೇರಿಸಿದರೆ 28,000. ಗಳಿಕೆಯ ಶಕ್ತಿ ಶೇ. 20ರಷ್ಟು ಕುಂದಿದೆಯೆಂದಾದರೆ ತಿಂಗಳಿಗೆ 5,600, ವರ್ಷಕ್ಕೆ 67,200 ನಷ್ಟ. ಆ ವಯಸ್ಸಿಗೆ ನಿಗದಿಯಾದ ಗುಣಕ 17. ಒಟ್ಟು 11,42,400 ರೂಪಾಯಿ, ಅದೂ ಈ ಒಂದು ಬಾಬಿನಲ್ಲಿ.

ಸಂಬಳದ ಚೀಟಿ ಇಲ್ಲದವರು ಎದೆಗುಂದಬೇಕಿಲ್ಲ. ನಮ್ಮ ರಾಜ್ಯದ ಕೂಲಿ ಕಾರ್ಮಿಕರೊಬ್ಬರು 2004ರ ಕಾಲದ ತಮ್ಮ ಗಳಿಕೆ ತಿಂಗಳಿಗೆ 4,500 ಎಂದಿದ್ದರು. ನ್ಯಾಯಮಂಡಳಿ 3,000 ಎಂದು ಹಿಡಿದಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಕಾರ್ಮಿಕರ ಮಾತನ್ನೇ ಒಪ್ಪಿತು.

ಬೈಕ್ ಸವಾರರು ತಿಳಿಯಬೇಕಾದ ಕಹಿ ಸತ್ಯವೂ ಇದೆ. ಥರ್ಡ್ ಪಾರ್ಟಿ ವಿಮೆ ಇತರರಿಗಾದ ಹಾನಿಗಷ್ಟೇ. ತನ್ನ ತಪ್ಪಿನಿಂದಲೇ ಬಿದ್ದ ಮಾಲೀಕ ಸವಾರನಿಗೆ ಆಸರೆಯೆಂದರೆ, ಪ್ರತ್ಯೇಕವಾಗಿ ಪಡೆಯಬೇಕಾದ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಅದೂ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಹಿಂದೆ ಕುಳಿತವರಿಗೆ ರಕ್ಷಣೆ ಬೇಕಾದರೆ ಪಾಲಿಸಿ ಕೊಳ್ಳುವಾಗಲೇ ಕೇಳಿ ನೋಡಬೇಕು. ಹೆಲ್ಮೆಟ್ ಇಲ್ಲದೆ ತಲೆಗೆ ಪೆಟ್ಟಾದರೆ, ಗಾಯಾಳುವಿನ ಪಾಲಿನ ನಿರ್ಲಕ್ಷ್ಯವೆಂದು ವಿಮಾ ಕಂಪನಿ ಮೊತ್ತ ತಗ್ಗಿಸಲು ವಾದಿಸುತ್ತದೆ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಮಿತಿಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಅದನ್ನು ನೆಚ್ಚಿ ಕುಳಿತುಕೊಳ್ಳಲಾಗದು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಜಾತ್ರೆಗೆ ಹೋಗುವಾಗ ದೂರದ ಊರಿನಲ್ಲಿ ಅಪಘಾತವಾದರೂ, ತಾವು ವಾಸಿಸುವ ಇಲ್ಲಿಯೇ ಅರ್ಜಿ ಹಾಕಬಹುದು.

ಗುದ್ದಿದ ವಾಹನ ಪತ್ತೆಯಾಗದೆ ಹೋದರೆ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಪರಿಹಾರವುಂಟು; ಅದಕ್ಕೆ ಅಪಘಾತ ನಡೆದ ಸ್ಥಳದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಲ್ಲಿ ಅರ್ಜಿ ಕೊಡಬೇಕು. ವಕೀಲರಿಗೆ ಹಣ ತೆರಲಾಗದವರಿಗೆ ಎಚ್. ಸಿದ್ಧಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟರು ಹಾಗೂ ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ನೆರವು ದೊರೆಯುತ್ತದೆ. ಹೋಗುವಾಗ ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇಗಳು, ಔಷಧಿ ಅಂಗಡಿಯ ಚಿಕ್ಕ ಚೀಟಿಯೂ ಸೇರಿದಂತೆ ಎಲ್ಲ ಬಿಲ್ಲುಗಳು ಜೊತೆಯಲ್ಲಿರಲಿ.