ಟೇಬಲ್ ಮೇಲಿನ ಬಿಳಿ ಉಂಗುರ

ಪುಣೆಗೆ ಬಂದು ಎಂಟು ವರ್ಷವಾದ ಮೇಲೆ ನಾವು ಆಸೆಪಟ್ಟು ಮಾಡಿಸಿದ್ದು ಒಂದು ಸಾಗುವಾನಿ ಊಟದ ಟೇಬಲ್. ವಾರ್ನಿಷ್ ಇಲ್ಲ, ಬರೀ ಎಣ್ಣೆ ಪಾಲಿಶ್. ಕಳೆದ ಮಳೆಗಾಲದಲ್ಲಿ ಸಾಗರದಿಂದ ಬಂದ ಅಮ್ಮ, ತಳ ಒದ್ದೆಯಾಗಿದ್ದ ಬಿಸಿ ಕಷಾಯದ ಲೋಟವನ್ನು ರಾತ್ರಿ ಅದರ ಮೇಲಿಟ್ಟು ಮರೆತಳು. ಬೆಳಿಗ್ಗೆ ನೋಡಿದರೆ ಬಿಳಿ ಉಂಗುರ!

‘ಪರವಾಗಿಲ್ಲ ಬಿಡಮ್ಮ’ ಅಂದೆ. ಆದರೆ ಅಂದಿನಿಂದ ಅಮ್ಮ ಅಡುಗೆಮನೆಯಲ್ಲೇ ನಿಂತು ಕಾಫಿ ಕುಡಿಯತೊಡಗಿದಳು. ‘ಊರಿಗೆ ಟಿಕೆಟ್ ಸ್ವಲ್ಪ ಮುಂಚೆ ಸಿಗುತ್ತಾ ನೋಡೋ’ ಎಂದೂ ಕೇಳಿದಳು. ಕಲೆ ತೆಗೆಯಲೇಬೇಕಿತ್ತು.

ಬಿಳಿ ಕಲೆಯಾದರೆ ಹೆದರಬೇಕಿಲ್ಲ. ತೇವ ಮೇಲಿನ ಎಣ್ಣೆಯ ಪದರದಲ್ಲೇ ಸಿಕ್ಕಿಕೊಂಡಿರುತ್ತದೆ. ಕಪ್ಪು ಕಲೆಯಾದರೆ ನೀರು ಮರದೊಳಗೇ ಇಳಿದಿದೆ ಎಂದರ್ಥ. ಅದನ್ನು ಬಡಗಿಗೆ ಬಿಡುವುದೇ ಒಳ್ಳೆಯದು.

ಎರಡು ದಿನ ಫ್ಯಾನಿನ ಕೆಳಗೆ ಒಣಗಲು ಬಿಟ್ಟೆ. ಉಂಗುರ ಮಸುಕಾಯಿತೇ ಹೊರತು ಹೋಗಲಿಲ್ಲ. ಪೇಂಟ್ ಅಂಗಡಿಯಿಂದ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ, 400 ನಂಬರಿನ ಉಪ್ಪುಕಾಗದ ತಂದೆ. ಕಲೆಯ ಮೇಲೆ ನಾಲ್ಕು ಹನಿ ಎಣ್ಣೆ ಬಿಟ್ಟು, ಪಾತ್ರೆ ತಿಕ್ಕುವಂತೆ ಸುತ್ತಲೂ ತಿಕ್ಕಲು ಹೊರಟಿದ್ದೆ.

‘ಅಡ್ಡಡ್ಡ ಉಜ್ಜಬೇಡ, ಗೀರು ಬೀಳುತ್ತೆ. ಮರದ ನಾರು ಹೋದ ಕಡೆಗೇ ಉಜ್ಜು’ ಎಂದು ಅಮ್ಮ ಕಾಗದ ಕಸಿದುಕೊಂಡಳು. ಊರ ಮನೆಯ ಮುಂಬಾಗಿಲಿಗೆ ಪ್ರತಿ ವರ್ಷ ದೀಪಾವಳಿಗೆ ಮುಂಚೆ ಎಣ್ಣೆ ಉಜ್ಜುತ್ತಿದ್ದವಳು ಅವಳೇ. ನನ್ನ ಎಂಟೆಕ್ ಸುಮ್ಮನೆ ಪಕ್ಕದಲ್ಲಿ ನಿಂತಿತು.

ಹತ್ತು ನಿಮಿಷದಲ್ಲಿ ಉಂಗುರ ಮಾಯ. ಆ ಜಾಗ ಮಾತ್ರ ಬೇರೆ ಬಣ್ಣ ಕಾಣಿಸಿತು. ಹಾಗಾಗಿ ಇಡೀ ಟೇಬಲ್ಲಿಗೆ ತೆಳ್ಳಗೆ ಎಣ್ಣೆ ಸವರಿ, ಹದಿನೈದು ನಿಮಿಷ ಬಿಟ್ಟು, ಹೆಚ್ಚಾದದ್ದನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿದೆವು. ಒರೆಸದೆ ಬಿಟ್ಟರೆ ಅಂಟಂಟಾಗುತ್ತದೆ.

ಒಂದು ಎಚ್ಚರಿಕೆ: ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿಡಿ, ಇಲ್ಲವೇ ಬಯಲಲ್ಲಿ ಹರವಿ ಒಣಗಿಸಿ.

ಮಳೆಗಾಲವಲ್ಲವೇ, ಒಣಗಲು ಒಂದು ವಾರವೇ ಹಿಡಿಯಿತು. ಅಷ್ಟು ದಿನವೂ ಅಮ್ಮ ಬೆಳಿಗ್ಗೆದ್ದು ಟೇಬಲ್ ಮುಟ್ಟಿ ನೋಡುತ್ತಿದ್ದಳು. ಎಂಟನೆಯ ದಿನ ಕಾಫಿ ಲೋಟ ಹಿಡಿದು ಬಂದು ಕುರ್ಚಿ ಎಳೆದು ಕೂತಳು. ಲೋಟದ ಕೆಳಗೊಂದು ತಟ್ಟೆಯಿತ್ತು. ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ.