ಮನೆಯ ಹಿರಿಯರಿಗೆ ಆರೋಗ್ಯ ವಿಮೆ: ಯಾವುದು, ಎಷ್ಟು ಖರ್ಚು?



ಬೆಳೆಗೆ ರೋಗ ಬಂದರೆ ಒಂದು ಫಸಲು ಹೋದೀತು. ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಆದರೆ ಆಸ್ಪತ್ರೆಯ ಖರ್ಚಿಗೆಂದು ಮಾರಿದ ಹೊಲ ಮತ್ತೆ ಕೈಗೆ ಬರುವುದು ಕಷ್ಟ. ಎತ್ತು ಮಾರಿ, ಒಡವೆ ಅಡವಿಟ್ಟು, ಬಡ್ಡಿಗೆ ಸಾಲ ತಂದು ತಂದೆತಾಯಿಗೆ ಚಿಕಿತ್ಸೆ ಕೊಡಿಸಿದ ಸಂಸಾರಗಳು ನಮ್ಮ ಹಳ್ಳಿಗಳಲ್ಲಿ ಉಂಟು. ಖರ್ಚಿಗೆ ಅಂಜಿ, "ವಯಸ್ಸಾಯಿತು, ಇನ್ನೇನು" ಎಂದು ನೋವು ನುಂಗಿ ಕೂರುವ ಹಿರಿಯರೂ ಇದ್ದಾರೆ. ಇವೆರಡನ್ನೂ ತಪ್ಪಿಸುವ ದಾರಿಗಳಿವೆ. ಅವನ್ನು ಒಂದೊಂದಾಗಿ ನೋಡೋಣ.

ವಿಮೆ ಎಂದರೇನು?

ಹಲವರು ಸ್ವಲ್ಪ ಸ್ವಲ್ಪ ಹಣ ಒಂದೆಡೆ ಕೂಡಿಸುವುದು, ಅವರಲ್ಲಿ ಕಾಯಿಲೆ ಬಿದ್ದವರಿಗೆ ಅದರಿಂದ ಖರ್ಚು ಮಾಡುವುದು, ಇದೇ ವಿಮೆ. ಕಾಯಿಲೆ ಬಾರದಿದ್ದರೆ ಕಟ್ಟಿದ ಹಣ ಹಿಂದಕ್ಕೆ ಬಾರದು. ಇದನ್ನು ನಷ್ಟವೆನ್ನಬಾರದು. ದನ ನುಗ್ಗಲಿಲ್ಲವೆಂದು ಹೊಲದ ಬೇಲಿಯನ್ನು ಯಾರೂ ದಂಡವೆನ್ನುವುದಿಲ್ಲವಷ್ಟೆ.

1. ರೇಷನ್ ಕಾರ್ಡಿನ ಮೇಲೆ ಸಿಗುವ ನೆರವು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ನಡೆದಿದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಪ್ರೀಮಿಯಂ ಕಟ್ಟಬೇಕಾಗಿಲ್ಲ. ಎ.ಪಿ.ಎಲ್. ಕುಟುಂಬಕ್ಕಾದರೆ ಯೋಜನೆಯ ದರದಲ್ಲಿ ಶೇಕಡ 30ನ್ನು ಸರ್ಕಾರ ಕೊಡುತ್ತದೆ. ಇದಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಉಂಟು. ಚಿಕಿತ್ಸೆಯ ದರ 60,000 ರೂಪಾಯಿ ಆದರೆ ಸರ್ಕಾರದ ಪಾಲು 18,000, ಮನೆಯವರ ಪಾಲು 42,000 ಎಂದು ಲೆಕ್ಕ.

ಒಂದು ನಿಯಮ ಮರೆಯಬಾರದು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ಚೀಟಿ ಬರೆದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಕಳಿಸುತ್ತಾರೆ. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಮಾತ್ರ ಈ ಚೀಟಿ ಬೇಕಿಲ್ಲ.

2. ಎಪ್ಪತ್ತು ದಾಟಿದವರಿಗೆ

2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ ಆಯುಷ್ಮಾನ್ ಯೋಜನೆಯನ್ನು 70 ವರ್ಷ ತುಂಬಿದ ಎಲ್ಲರಿಗೂ ವಿಸ್ತರಿಸಿತು. ಇದಕ್ಕೆ ಆದಾಯ ನೋಡುವುದಿಲ್ಲ. ಬಡವ ಬಲ್ಲಿದ ಎಂಬ ಭೇದವಿಲ್ಲ. ಇದರ ಕಾರ್ಡಿಗೆ ವಯ ವಂದನಾ ಕಾರ್ಡು ಎಂದು ಹೆಸರು. ಕುಟುಂಬಕ್ಕೆ ಮೊದಲೇ ಆಯುಷ್ಮಾನ್ ಸೌಲಭ್ಯವಿದ್ದರೆ, ಈ ಹಿರಿಯರಿಗೆಂದೇ ಬೇರೆ 5 ಲಕ್ಷ. ಮನೆಯಲ್ಲಿ 70 ದಾಟಿದವರು ಇಬ್ಬರಿದ್ದರೆ ಅದು ಇಬ್ಬರಿಗೂ ಸೇರಿದ್ದು. ವಯಸ್ಸನ್ನು ಆಧಾರ್ ಕಾರ್ಡಿನಂತೆ ಎಣಿಸುತ್ತಾರೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಕಾರ್ಡು ನಡೆಯುತ್ತದೆಂದು 14555 ಸಂಖ್ಯೆಗೆ ಫೋನು ಮಾಡಿ ಮುಂಚೆಯೇ ಕೇಳಿಕೊಳ್ಳಿ.

3. ಯಶಸ್ವಿನಿ

ಇದು ಸಹಕಾರ ಸಂಘದ ಸದಸ್ಯರಿಗೆ. 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡೆಯಿತು. ಮತ್ತೆ ಆರಂಭವಾದಾಗ ಗ್ರಾಮೀಣ ಸಂಘದ ಸದಸ್ಯರಿಗೆ ನಿಗದಿಯಾದ ದರ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಹೆಚ್ಚಿನ ಪ್ರತಿಯೊಬ್ಬರಿಗೆ 100 ರೂಪಾಯಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮುದಿ ತಂದೆತಾಯಿ ಸೇರಿ ಆರು ಮಂದಿಗೆ 700 ರೂಪಾಯಿ ಆಯಿತು. ಚಿಕಿತ್ಸೆಯ ಮಿತಿ ಕುಟುಂಬಕ್ಕೆ 5 ಲಕ್ಷ. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಹೆಸರು ಬರೆಸಲು ಗೊತ್ತಾದ ಅವಧಿ ಇರುತ್ತದೆ. ಅದು ಕಳೆದ ಮೇಲೆ ಸಂಘದ ಬಾಗಿಲು ತಟ್ಟಿ ಫಲವಿಲ್ಲ. ಈ ಸಲದ ದರ ಮತ್ತು ಕೊನೆಯ ದಿನಾಂಕವನ್ನು ಸೊಸೈಟಿಯ ಕಾರ್ಯದರ್ಶಿಗಳಲ್ಲಿ ವಿಚಾರಿಸಿ.

4. ಕಂಪನಿಯ ಪಾಲಿಸಿ

ಇದರಲ್ಲಿ ವಯಸ್ಸು ಏರಿದಂತೆ ಪ್ರೀಮಿಯಂ ಏರುತ್ತದೆ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲವೆಂಬ ಅಡ್ಡಿ 2024ರ ಏಪ್ರಿಲ್‌ನಿಂದ ಹೋಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡ 18ರ ಜಿ.ಎಸ್.ಟಿ. ತೆರಿಗೆಯೂ ಹೋಗಿದೆ. ಆದರೂ ಹಣ ಕಟ್ಟುವ ಮುನ್ನ ಮೂರು ಮಾತು ಕೇಳಿ.

ಒಂದು, ಈಗಾಗಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದವಕ್ಕೆ ಎಷ್ಟು ಕಾಲ ಕಾಯಬೇಕು? ಇದು ಹೆಚ್ಚೆಂದರೆ 3 ವರ್ಷ.

ಎರಡು, ಬಿಲ್ಲಿನಲ್ಲಿ ನಮ್ಮ ಪಾಲೆಷ್ಟು? ಹಿರಿಯರ ಪಾಲಿಸಿಗಳಲ್ಲಿ ಈ ಷರತ್ತು ಹೆಚ್ಚು. ಶೇಕಡ 20 ಎಂದಿದ್ದರೆ, ಒಂದು ಲಕ್ಷದ ಬಿಲ್ಲಿಗೆ 20,000 ರೂಪಾಯಿ ನಮ್ಮ ಕೈಯಿಂದಲೇ ಹೋಗುತ್ತದೆ.

ಮೂರು, ಆಸ್ಪತ್ರೆಯ ಕೋಣೆಯ ಬಾಡಿಗೆಗೆ ಮಿತಿ ಇದೆಯೇ?

ಇರುವ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. "ಅದನ್ನು ಬರೆಯುವುದು ಬೇಡ" ಎಂದು ಏಜೆಂಟರು ಹೇಳಿದರೂ ಬರೆಸಿರಿ. ಮುಚ್ಚಿಟ್ಟದ್ದು ಹೊರಬಿದ್ದರೆ ಕಷ್ಟಕಾಲದಲ್ಲಿ ಹಣ ನಿಂತುಹೋಗುವ ಭಯವಿದೆ. ಪಾಲಿಸಿ ಕೈಗೆ ಬಂದ ಮೇಲೆ ಓದಿಸಿ ಕೇಳಿ. ಮನಸ್ಸಿಗೆ ಬಾರದಿದ್ದರೆ 30 ದಿನದೊಳಗೆ ಹಿಂದಿರುಗಿಸಬಹುದು.

ವಿಮೆಯಲ್ಲಿ ಸಿಗದ್ದು

ಮೇಲೆ ಹೇಳಿದ ಸರ್ಕಾರಿ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ದಿನನಿತ್ಯದ ರಕ್ತದೊತ್ತಡದ ಮಾತ್ರೆಗೆ ಇವನ್ನು ನಂಬಿ ಕೂರಬಾರದು. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಮಾತ್ರೆಯನ್ನು ನಡುವೆ ಬಿಡದೆ ನುಂಗಿದರೆ ಎಷ್ಟೋ ದೊಡ್ಡ ಖರ್ಚು ಬಾಗಿಲಿಗೆ ಬಾರದು.

ಈಗ ಮಾಡಬೇಕಾದದ್ದು

ಹಿರಿಯರ ಆಧಾರ್ ಮತ್ತು ರೇಷನ್ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು ಹೆಸರು, ವಯಸ್ಸು ತಾಳೆ ನೋಡಿ. ವ್ಯತ್ಯಾಸವಿದ್ದರೆ ಈಗಲೇ ತಿದ್ದಿಸಿ. ಮಣ್ಣಿನಲ್ಲಿ ದುಡಿದು ಬೆರಳ ಗೆರೆ ಸವೆದವರ ಗುರುತು ಯಂತ್ರಕ್ಕೆ ಸಿಗದಿರಬಹುದು. ಆದ್ದರಿಂದ ಮನೆಯವರ ಮೊಬೈಲ್ ಸಂಖ್ಯೆಯನ್ನು ಆಧಾರ್‌ಗೆ ಸೇರಿಸಿಡಿ. ಬಳಿಕ ಗ್ರಾಮ ಒನ್ ಕೇಂದ್ರದಲ್ಲಿ ಆರೋಗ್ಯ ಕಾರ್ಡು ಮಾಡಿಸಿ. ಆಸ್ಪತ್ರೆಗೆ ಹೋದಾಗ ದುಡ್ಡು ಕಟ್ಟುವ ಮೊದಲು ಆರೋಗ್ಯ ಮಿತ್ರ ಎಂಬ ಸಿಬ್ಬಂದಿಯನ್ನು ಕಂಡು ಕಾರ್ಡು ತೋರಿಸಿ.

ಬೆಂಕಿ ಬಿದ್ದಾಗ ಬಾವಿ ತೋಡಿದರೆ ಮನೆ ಉಳಿಯದು. ಹಿರಿಯರು ಗಟ್ಟಿಯಾಗಿ ಓಡಾಡುತ್ತಿರುವಾಗಲೇ, ಕೆಲಸ ಕಡಿಮೆ ಇರುವ ಒಂದು ದಿನ ಬಿಡುವು ಮಾಡಿಕೊಂಡು ಇದನ್ನು ಮುಗಿಸಿರಿ. ನೆರೆಮನೆಯಲ್ಲಿ ಮಕ್ಕಳು ಊರು ಬಿಟ್ಟು, ಮುದುಕರಿಬ್ಬರೇ ಉಳಿದಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ.