ಸೇಂಟ್ ಗಾಲೆನ್: ಮಠ ಬೆಳೆಸಿದ ಊರು

ಸ್ವಿಟ್ಜರ್ಲೆಂಡಿನ ಈಶಾನ್ಯ ಭಾಗದ ಎತ್ತರದ ಕಣಿವೆಯೊಂದರಲ್ಲಿರುವ ಸೇಂಟ್ ಗಾಲೆನ್ ಪಟ್ಟಣಕ್ಕೆ ದೋಣಿ ಸಾಗುವಂಥ ಹೊಳೆಯೂ ಇಲ್ಲ, ಫಲವತ್ತಾದ ಬಯಲೂ ಇಲ್ಲ; ಅಲ್ಲಿ ಜನವಸತಿ ಮೂಡಿದ್ದು ಮಠದಿಂದಾಗಿ. ಸುಮಾರು 612ರಲ್ಲಿ ಗಾಲಸ್ ಎಂಬ ವಿರಕ್ತನು ಷ್ಟೈನಾಖ್ ತೊರೆಯ ಬದಿಯ ಕಾಡಿನಲ್ಲಿ ಏಕಾಂತ ಬಯಸಿ ನೆಲೆಸಿದನು. 719ರಲ್ಲಿ ಓಟ್ಮರ್ ಅದೇ ಜಾಗದಲ್ಲಿ ಮಠ ಸ್ಥಾಪಿಸಿದನು. ಮುಂದೆ ಅದು ಬೆನೆಡಿಕ್ಟನ ನಿಯಮವನ್ನು, ಎಂದರೆ ಸಂನ್ಯಾಸಿಯ ದಿನವನ್ನು ಪ್ರಾರ್ಥನೆ, ಓದು ಮತ್ತು ದುಡಿಮೆಗೆ ಹಂಚಿಕೊಡುವ ಕಟ್ಟಳೆಯನ್ನು, ಒಪ್ಪಿಕೊಂಡಿತು. ಸುತ್ತಲಿನ ಜನ ತಮ್ಮ ಪುಣ್ಯಕ್ಕೆಂದು ಭೂಮಿಯನ್ನು ದತ್ತಿ ಬಿಡುತ್ತ ಹೋದಂತೆ ಮಠವು ದೊಡ್ಡ ಜಮೀನುದಾರನಾಯಿತು.

ಇಂಥ ಮಠಕ್ಕೆ ಏನೇನು ಬೇಕಾಗುತ್ತಿತ್ತೆಂಬುದನ್ನು ಒಂಬತ್ತನೆಯ ಶತಮಾನದ ಆದಿಭಾಗದಲ್ಲಿ ರೈಖೆನೌ ಮಠದಲ್ಲಿ ಸಿದ್ಧವಾಗಿ ಇಲ್ಲಿನ ಮಠಾಧಿಪತಿ ಗೋಟ್ಸ್‌ಬರ್ಟ್‌ಗೆ ಬಂದ ನಕ್ಷೆ ತೋರಿಸುತ್ತದೆ. ಐದು ಚರ್ಮಪತ್ರಗಳನ್ನು ಹೊಲಿದು ಕೂಡಿಸಿದ ಹಾಳೆಯ ಮೇಲೆ ಕೆಂಪು ಗೆರೆಗಳಲ್ಲಿ ಚರ್ಚು, ರೊಟ್ಟಿ ಸುಡುವ ಮನೆ, ಬಿಯರ್ ತಯಾರಿಸುವ ಮನೆ, ವೈದ್ಯರ ಮನೆ, ಮೂಲಿಕೆಗಳ ತೋಟ, ಕಸುಬುದಾರರ ಕಾರ್ಯಾಗಾರಗಳು, ಕೋಳಿ ಮತ್ತು ಹೆಬ್ಬಾತುಗಳ ಗೂಡುಗಳು ಕೂಡ ಮೂಡಿವೆ. ನಕ್ಷೆಯಂತೆಯೇ ಮಠವನ್ನು ಕಟ್ಟಲಿಲ್ಲವಾದ್ದರಿಂದ ಇದನ್ನು ಆದರ್ಶದ ಚಿತ್ರವೆಂದೇ ಓದಬೇಕು. ಆದರೂ ಮಠವು ಎಷ್ಟು ಬಗೆಯ ದುಡಿಮೆಯನ್ನು ನೆಚ್ಚಿಕೊಂಡಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ. ಹನ್ನೆರಡನೆಯ ಶತಮಾನದಲ್ಲಿ ಯಾರೋ ಅದರ ಬೆನ್ನಿಗೆ ಸಂತ ಮಾರ್ಟಿನನ ಚರಿತ್ರೆಯನ್ನು ಬರೆದು ಹಾಳೆಯನ್ನು ಪುಸ್ತಕದಂತೆ ಮಡಿಸಿಟ್ಟದ್ದರಿಂದ ನಕ್ಷೆ ಉಳಿದುಕೊಂಡಿತು.

ಕಸುಬುದಾರರು, ವರ್ತಕರು, ಯಾತ್ರಿಕರಿಗೆ ಆಶ್ರಯ ಕೊಡುವವರು ಮಠದ ಹೊರಗೆ ಮನೆ ಹೂಡಿದ್ದರಿಂದ ಹಳ್ಳಿ ಬೆಳೆಯಿತು. 926ರಲ್ಲಿ ಹಂಗೇರಿಯನ್ ದಾಳಿಕಾರರು ಮಠವನ್ನು ಸೂರೆಗೈದು, 937ರಲ್ಲಿ ಬೆಂಕಿ ಬಿದ್ದ ಮೇಲೆ, ಹತ್ತನೆಯ ಶತಮಾನದ ನಡುಭಾಗದಲ್ಲಿ ಕೋಟೆಗೋಡೆ ಎದ್ದಿತು. ಮುಂದೆ ಅಗಸೆನಾರಿನ ಬಟ್ಟೆಯ ವ್ಯಾಪಾರ ಕುದುರಿ, ಊರಿನ ಸುತ್ತಲ ಹುಲ್ಲುಗಾವಲುಗಳಲ್ಲಿ ಬಟ್ಟೆ ಹಾಸಿ ಬಿಸಿಲಿಗೆ ಬಿಳುಪಾಗಿಸುವ ಕೆಲಸ ಹಬ್ಬಿ, ನೇಕಾರರ ಮತ್ತು ವರ್ತಕರ ಕೈಗೆ ಹಣ ಬಂತು. ಹಣ ಬಂದವರು ಮಠಾಧಿಪತಿಯ ಅಧಿಕಾರವನ್ನು ಸಹಿಸಿಕೊಂಡಿರಲು ಒಲ್ಲದಾದರು. 1457ರಲ್ಲಿ ಪಟ್ಟಣವು 7000 ಗುಲ್ಡನ್ ತೆತ್ತು ಮಠದ ಹಕ್ಕುಗಳಿಂದ ಬಿಡುಗಡೆ ಪಡೆಯಿತು. ಹದಿನಾರನೆಯ ಶತಮಾನದಲ್ಲಿ ಪಟ್ಟಣ ಪ್ರಾಟೆಸ್ಟೆಂಟ್ ಪಂಥಕ್ಕೆ ಸೇರಿ, ಮಠ ಕ್ಯಾಥೊಲಿಕ್ ಆಗಿಯೇ ಉಳಿದ ಬಳಿಕ ಎರಡರ ನಡುವೆ 1567ರಲ್ಲಿ ಮತ್ತೊಂದು ಗೋಡೆ ಬಂತು. ಮಠ 1805ರಲ್ಲಿ ವಿಸರ್ಜನೆಗೊಂಡಿತು. ಆ ನಕ್ಷೆ ಇಂದಿಗೂ ಮಠದ ಗ್ರಂಥಾಲಯದ ಸ್ವತ್ತಾಗಿದೆ.